ದಾನದ ರೊಟ್ಟಿಯನ್ನು ಬೇಯಿಸತಕ್ಕವರ ವಿಷಯ

ಬಂಗಾರಪೇಟೆಯ ಸೀಮೆಯಲ್ಲಿ ರಾಗಿಯ ಒಕ್ಕಣೆ ಮುಗಿದೊಡನೆ ಕಣದಲ್ಲಿಯೇ ಇಷ್ಟೆಂದು ಧರ್ಮಕ್ಕೆ ಎತ್ತಿಡತಕ್ಕ ಪದ್ಧತಿಯು ಅನೇಕ ಮನೆತನಗಳಲ್ಲಿ ಇಂದಿಗೂ ಉಂಟು. ಇದು ಶ್ಲಾಘನೀಯವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮೂಟೆಯನ್ನು ಕೊಟ್ಟ ಮಾತ್ರಕ್ಕೆ ಹಸಿದವನ ಹೊಟ್ಟೆ ತುಂಬುವುದಿಲ್ಲ. ಆ ರಾಗಿಯನ್ನು ಕೇರಿ, ಕಲ್ಲು ಆರಿಸಿ, ಹಿಟ್ಟು ಮಾಡಿಸಿ, ಕಲಸಿ, ತಟ್ಟಿ, ಬೇಯಿಸಿ, ಬುಟ್ಟಿಗೆ ಇಟ್ಟು ಕಳುಹಿಸುವವರು ಬೇಕು. ಮೂಟೆ ಕೊಟ್ಟವರ ಹೆಸರು ಊರಿಗೆಲ್ಲಾ ತಿಳಿದಿರುತ್ತದೆ. ಒಲೆಯ ಮುಂದೆ ಕುಳಿತವರ ಹೆಸರು ಅನೇಕ ವೇಳೆ ಪಕ್ಕದ ಬೀದಿಗೂ ತಿಳಿದಿರುವುದಿಲ್ಲ. ಪ್ರಕೃತ ಲೇಖನವು ಈ ಎರಡನೆಯವರನ್ನು ಕುರಿತದ್ದು.

ಗೊಬ್ಬರ, ಬಿತ್ತನೆ, ಬೆಂಕಿರೋಗ ಮೊದಲಾದುವನ್ನು ಕುರಿತು ಬರೆಯತಕ್ಕ ಇನ್ಸ್‌ಪೆಕ್ಟರು ರೊಟ್ಟಿಯ ವಿಷಯಕ್ಕೆ ಕೈಹಾಕಿದುದೇಕೆಂದು ಕೆಲವರು ಕೇಳಬಹುದು. ದಾನಕ್ಕೆ ಬಂದ ಧಾನ್ಯವು ಯಾವ ಸ್ಥಿತಿಯಲ್ಲಿ ಬಂತೆಂಬುದೇ ಈ ವಿಷಯದ ಅರ್ಧಭಾಗವಾದುದರಿಂದ ಇದು ವ್ಯವಸಾಯದ ಎಲ್ಲೆಯಿಂದ ಹೊರಗಿನದಲ್ಲವೆಂದು ನನ್ನ ಭಾವನೆ. ಅಲ್ಲದೆ ಇದರಲ್ಲಿ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ಚಿನ್ನದ ಗಣಿಗಳು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಮುಚ್ಚಿದುವು. ಅಂದಿನಿಂದ ಅಲ್ಲಿನ ದುಡಿಯುವ ವಯಸ್ಸಿನವರಲ್ಲಿ ಸಾವಿರಾರು ಮಂದಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿಗೆ ಹಿಂದಿರುಗತಕ್ಕವರಾಗಿದ್ದಾರೆ. ಮತ್ತೆ ಕೆಲವರು ಬೆಂಗಳೂರಿನಲ್ಲಿಯೇ ನೆಲಸಿದ್ದಾರೆ. ಸಾಲುಮನೆಗಳಲ್ಲಿ ಉಳಿದವರು ಬಹುಮಟ್ಟಿಗೆ ವೃದ್ಧರು. ಇವರಲ್ಲಿ ಗಣಿಯ ಧೂಳು ಶ್ವಾಸಕೋಶಕ್ಕೆ ಹತ್ತಿ ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡತಕ್ಕವರೂ ಉಂಟು. ೨೦೨೦ನೆಯ ಮಾರ್ಚಿಯಲ್ಲಿ ದೇಶಕ್ಕೆಲ್ಲಾ ಬೀಗಮುದ್ರೆಯಾಗಿ ರೈಲು ನಿಂತಾಗ, ದಿನಗೂಲಿಯ ಮೇಲೆ ನಿಂತಿದ್ದ ಮನೆಗಳ ಒಲೆಯೂ ನಿಂತಿತು. ಆಗ ಬೂದಿಕೋಟೆಯ ಕಡೆಯ ಕೆಲವು ಹಳ್ಳಿಗಳ ಹಿಡುವಳಿದಾರರು ರಾಗಿ ಕೊಟ್ಟರು. ಅವೇ ಹಳ್ಳಿಗಳ ಹೆಂಗಸರು ವಾರಕ್ಕೊಂದು ದಿನ ರೊಟ್ಟಿ ಬೇಯಿಸಿದರು. ಹುಡುಗರು ಬುಟ್ಟಿಗಳನ್ನು ಸಾಗಿಸಿದರು. ಸಂಘವೆಂದು ಕರೆಯುವುದಕ್ಕೆ ಅದಕ್ಕೊಂದು ಹೆಸರೂ ಇರಲಿಲ್ಲ. ಕಷ್ಟಕಾಲವು ಕಳೆದ ಮೇಲೂ ಕೆಲಸವು ನಿಲ್ಲಲಿಲ್ಲ. ವೃದ್ಧರು ಅಲ್ಲಿಯೇ ಇದ್ದರಷ್ಟೆ.

ಎರಡು ವರ್ಷಗಳಾದ ಮೇಲೆ ಒಂದು ಸಭೆ ಮಾಡೋಣವೆಂದಾಯಿತು. ದಾನಿಗಳಿಗೆ ಶಾಲು ಹೊದಿಸಿ ಹಾರ ಹಾಕಿದೆವು. ಯಾರು ಎಷ್ಟು ಮೂಟೆ ಕೊಟ್ಟರೆಂಬ ಪಟ್ಟಿಯನ್ನು ಎದ್ದುನಿಂತು ಓದಿದವನು ನಾನೇ. ಆ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ನಾನು ಓದುತ್ತಿದ್ದಾಗ ಅವರು ಹಿಂದೆ ನಿಂತು ಸಭಿಕರಿಗೆ ಕಾಫಿ ಕೊಡುತ್ತಿದ್ದರು. ಮುಂದಿನ ವಾರ ಒಂದು ಹಳ್ಳಿಯಿಂದ ಬುಟ್ಟಿ ಬರಲಿಲ್ಲ. ಅದರ ಮುಂದಿನ ವಾರ ಇನ್ನೊಂದು ಹಳ್ಳಿಯದೂ ಬರಲಿಲ್ಲ. ಮೊದಲು ಇಪ್ಪತ್ತಕ್ಕೂ ಹೆಚ್ಚು ಮನೆಗಳಲ್ಲಿ ಹಂಚು ಕಾಯುತ್ತಿದ್ದುದು ಮೂರು ತಿಂಗಳಲ್ಲಿ ಆರು ಮನೆಗಳಿಗೆ ಇಳಿಯಿತು.

ಶಾಲು ಹೊದಿಸದ್ದಕ್ಕೆ ಮುನಿಸಿಕೊಂಡರೆಂದು ನಾನು ತಿಳಿದೆನು. ಆಗಲಿ, ಅವರಿಗೂ ಶಾಲು ತರಿಸೋಣವೆಂದು ಯೋಚಿಸಿದವನೂ ಹೌದು. ಆದರೆ ಅವರಲ್ಲಿ ಹಿರಿಯಳೊಬ್ಬಳನ್ನು ವಿಚಾರಿಸಿದಾಗ ಆಕೆ ಹಾರತುರಾಯಿಯ ಮಾತನ್ನೇ ಎತ್ತಲಿಲ್ಲ. ಎರಡು ವರ್ಷ ರೊಟ್ಟಿ ಕಳುಹಿಸಿದ್ದೇವೆ, ಅದನ್ನು ತಿಂದವರುಂಟೋ ಇಲ್ಲವೋ ಒಬ್ಬರೂ ಬಂದು ಹೇಳಲಿಲ್ಲ, ಎಂದಳು. ಒಂದು ವಾರದ ಬುಟ್ಟಿಯ ಅರ್ಧಭಾಗವು ದನಗಳ ಪಾಲಾಯಿತೆಂದು ಸಾಗಿಸಿದ ಹುಡುಗನ ಬಾಯಿಂದ ಅವರ ಕಿವಿಗೆ ಬಿದ್ದಿತ್ತು. ವಿಚಾರಿಸಿದರೆ ಸುದ್ದಿ ನಿಜವಾಗಿತ್ತು. ನಮ್ಮಲ್ಲಿ ಯಾರೊಬ್ಬರೂ ಅವರಿಗೆ ಕಾರಣವನ್ನು ತಿಳಿಸಿರಲಿಲ್ಲ, ನಮಗೇ ತಿಳಿದಿರಲಿಲ್ಲ.

ಆ ವಾರ ಆಕೆಯನ್ನೂ ಜೊತೆಯಲ್ಲಿ ಇನ್ನಿಬ್ಬರನ್ನೂ ಕರೆದುಕೊಂಡು ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲಿನಲ್ಲಿ ಹೊರಟೆನು. ಚಾಂಪಿಯನ್ ನಿಲ್ದಾಣದಲ್ಲಿ ಇಳಿದು ಸಾಲುಮನೆಗಳಿಗೆ ಹೋದೆವು. ಒಬ್ಬ ವೃದ್ಧನು ರೊಟ್ಟಿಯನ್ನು ಚೂರುಮಾಡಿ ಬಿಸಿನೀರಿನಲ್ಲಿ ನೆನೆಹಾಕಿಕೊಂಡು ಕುಳಿತಿದ್ದನು. ಆತನಿಗೆ ಹಲ್ಲುಗಳಿರಲಿಲ್ಲ. ಹಳ್ಳಿಯಲ್ಲಿ ಬೆಳಗಿನ ಜಾವ ಬೇಯಿಸಿದ ರೊಟ್ಟಿಯು ಮಧ್ಯಾಹ್ನದ ವೇಳೆಗೆ ತಣ್ಣಗಾಗಿ ಚಕ್ಕೆಯಂತಾಗುತ್ತಿತ್ತು. ನೆನೆಯಲು ತಾಳ್ಮೆಯಿಲ್ಲದವರು ಬಿಟ್ಟುಬಿಡುತ್ತಿದ್ದರು. ದನಗಳ ಪಾಲಾದುದು ಹೀಗೆ. ಆ ವೃದ್ಧನು ತಮಿಳು ಬೆರೆತ ಕನ್ನಡದಲ್ಲಿ ಇವರ ಊರು ಯಾವುದು, ಕೆರೆಗೆ ನೀರು ಬಂದಿದೆಯೇ, ಹುರುಳಿ ಹೇಗಿದೆ ಎಂದು ಕೇಳಿದನು. ಹಿರಿಯಳು ಆತನಿಗೆ ಉತ್ತರ ಹೇಳುತ್ತಲೇ ರೊಟ್ಟಿಯನ್ನು ಕೈಗೆ ತೆಗೆದುಕೊಂಡು ಮುರಿದು ನೋಡಿದಳು. ಹಿಂದಿರುಗುವಾಗ ರೈಲಿನಲ್ಲಿ ಆ ಮೂವರೂ ಆಡಿದ ಮಾತೆಲ್ಲಾ ಹಿಟ್ಟಿನದೇ. ಕುದಿಯುವ ನೀರಿನಲ್ಲಿ ಹಿಟ್ಟನ್ನು ಮೊದಲು ಚೆನ್ನಾಗಿ ಬೇಯಿಸಿ ನಾದಿದರೆ, ಸ್ವಲ್ಪ ದಪ್ಪಗೆ ತಟ್ಟಿದರೆ, ಬಿಸಿಯಾಗಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಬಿದಿರಿನ ಬುಟ್ಟಿಗೆ ಇಟ್ಟರೆ ಮಧ್ಯಾಹ್ನದವರೆಗೂ ಮೃದುವಾಗಿರುವುದೆಂದು ಅವರೇ ನಿಶ್ಚಯಿಸಿದರು. ನಾವು ಕೊಡುತ್ತಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಆವಿಯು ನೀರಾಗಿ ರೊಟ್ಟಿಯು ಒಂದು ಕಡೆ ಜಿಗುಟಾಗಿಯೂ ಒಂದು ಕಡೆ ಗಡುಸಾಗಿಯೂ ಕೆಡುತ್ತಿತ್ತು. ಇದನ್ನು ಎರಡು ವರ್ಷದಲ್ಲಿ ನಾವು ಒಬ್ಬರೂ ಗಮನಿಸಿರಲಿಲ್ಲ.

ಅಂದಿನಿಂದ ಪ್ರತಿ ವಾರವೂ ಸರದಿಯ ಮೇಲೆ ಇಬ್ಬರು ಬುಟ್ಟಿಯೊಡನೆ ಹೋಗಿಬರುತ್ತಾರೆ. ರೈಲಿನ ಚಾರ್ಜು ಸಂಘದ್ದು. ಬಿಟ್ಟುಹೋಗಿದ್ದ ಮನೆಗಳಲ್ಲಿ ಬಹುಪಾಲು ಹಿಂದಿರುಗಿದುವು. ಶಾಲುಗಳನ್ನು ತರಿಸುವ ಪ್ರಮೇಯವೇ ಬರಲಿಲ್ಲ.

ತಮ್ಮ ಕೈಯ ರೊಟ್ಟಿ ಯಾರ ಕೈ ಸೇರುತ್ತದೆಂಬುದನ್ನು ಕಾಣುವುದರಲ್ಲಿ ಎಷ್ಟು ಬಲವುಂಟೆಂಬುದಕ್ಕೆ ಉತ್ತರ ಸೀಮೆಯ ಒಂದು ನಿದರ್ಶನವನ್ನು ವಾಚಕರಲ್ಲಿ ಅನೇಕರು ಬಲ್ಲರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಮನೆಮನೆಗಳಲ್ಲಿಯೂ ಜೋಳದ ರೊಟ್ಟಿಯನ್ನು ಬಡಿದು, ಗಾಡಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೇರಿಕೊಂಡು ಮಠಕ್ಕೆ ಒಪ್ಪಿಸುತ್ತಾರೆ. ರೊಟ್ಟಿಗಳ ಸಂಖ್ಯೆ ಲಕ್ಷಗಳಲ್ಲಿರುತ್ತದೆ. ಅಲ್ಲಿ ರೊಟ್ಟಿ ತರುವುದೇ ಜಾತ್ರೆಯ ಒಂದು ಭಾಗ. ಬಡಿದವಳು ತಾನೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ, ತನ್ನ ಊರಿನ ರೊಟ್ಟಿ ಎಲ್ಲಿ ಹೋಯಿತೆಂಬುದನ್ನು ಕಣ್ಣಾರೆ ನೋಡುತ್ತಾಳೆ. ೨೦೧೯ನೆಯ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಊರುಗಳು ಮುಳುಗಿದಾಗ ಪ್ರವಾಹಕ್ಕೆ ಸಿಕ್ಕದ ಹಳ್ಳಿಗಳಿಂದ ಆಶ್ರಯ ಕೇಂದ್ರಗಳಿಗೆ ಗಂಟುಗಂಟಾಗಿ ರೊಟ್ಟಿ ಹೊರಟದ್ದು ಈ ರೂಢಿಯು ಬೇರೂರಿದ್ದರಿಂದಲೇ ಇರಬೇಕು. ಒಣಗಿದ ಜೋಳದ ರೊಟ್ಟಿಯು ವಾರಗಟ್ಟಲೆ ಕೆಡದು. ನಮ್ಮ ರಾಗಿರೊಟ್ಟಿಗೆ ಆ ಗುಣವಿಲ್ಲ. ಆದಕಾರಣ ನಮ್ಮಲ್ಲಿ ಬೇಯಿಸತಕ್ಕವರ ಶ್ರಮವು ಜಾತ್ರೆಗೊಮ್ಮೆ ಮುಗಿಯತಕ್ಕದ್ದಲ್ಲ, ವಾರವಾರವೂ ಹೊಸದಾಗಿ ಬರತಕ್ಕದ್ದು.

ಆ ಶ್ರಮದ ಲೆಕ್ಕವನ್ನು ಹಿಡುವಳಿದಾರರು ಒಮ್ಮೆ ಹಾಕಿ ನೋಡಬೇಕೆಂದು ಕೋರುತ್ತೇನೆ. ಒಂದು ಕಿಲೋ ಹಿಟ್ಟಿಗೆ ಸುಮಾರು ೧೨ರಿಂದ ೧೫ ರೊಟ್ಟಿ. ತಟ್ಟಿ ಬೇಯಿಸುವುದಕ್ಕೆ ರೊಟ್ಟಿಯೊಂದಕ್ಕೆ ಮೂರು ನಾಲ್ಕು ನಿಮಿಷ. ೧೨೦ ರೊಟ್ಟಿಗೆ ಒಂದೇ ಹಂಚಾದರೆ ಆರರಿಂದ ಎಂಟು ಗಂಟೆಗಳ ಕಾಲ ಬೆಂಕಿಯ ಮುಂದೆ ಕುಳಿತಿರಬೇಕು. ಇದಕ್ಕೆ ಉರಿಯುವ ಸೌದೆಯೋ ಗ್ಯಾಸೋ ಆಕೆಯದೇ. ಮೂಟೆಯ ಲೆಕ್ಕವನ್ನು ಬರೆದವರು ಈ ಉರುವಲಿನ ಲೆಕ್ಕವನ್ನು ಎಲ್ಲಿಯೂ ಬರೆಯಲಿಲ್ಲ. ನಿಜವಾಗಿ ನೋಡಿದರೆ ಆಕೆಯೂ ದಾನಿಯೇ, ಅದೂ ಸಣ್ಣ ದಾನಿಯಲ್ಲ.

ಇನ್ನು ಧಾನ್ಯದ ಸ್ಥಿತಿ. ರಸ್ತೆಯ ಮೇಲೆ ತೆನೆ ಹರಡಿ ಬಂಡಿಗಳ ಚಕ್ರದಿಂದ ತುಳಿಸಿ ಒಕ್ಕಿದ ರಾಗಿಯಲ್ಲಿ ಮರಳೂ ಜಲ್ಲಿಯ ಪುಡಿಯೂ ಸೇರುವುದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಮಾರುವ ರಾಗಿಯನ್ನು ಚೊಕ್ಕಟ ಮಾಡಿಸಿ, ಧರ್ಮದ ರಾಗಿಯನ್ನು ಇದ್ದಂತೆಯೇ ಮೂಟೆ ಕಟ್ಟುವವರನ್ನು ನಾನು ಕಂಡಿದ್ದೇನೆ. ಆ ಮರಳನ್ನು ತೆಗೆಯುವುದಕ್ಕೆ ಒಬ್ಬ ಹೆಂಗಸು ಒಂದು ಹಗಲೆಲ್ಲಾ ಮೊರ ಹಿಡಿದು ಕೂರಬೇಕು. ಹೀಗೆ ಕೊಟ್ಟವನು ಸಭೆಯಲ್ಲಿ ಆಕೆಯನ್ನು ಅನ್ನಪೂರ್ಣೆಯೆಂದು ಹೊಗಳಿದರೆ ಆಕೆ ಏನೆಂದುಕೊಂಡಾಳು? ಕಣವನ್ನು ಸಗಣಿಯಿಂದ ಸಾರಿಸಿ ಅಥವಾ ಟಾರ್ಪಾಲಿನ ಮೇಲೆ ಒಕ್ಕಿದ ರಾಗಿಯನ್ನು ಯಂತ್ರದಲ್ಲಿ ಕಲ್ಲು ತೆಗೆಸಿ, ಗಿರಣಿಯಲ್ಲಿ ನುಣ್ಣಗೆ ಬೀಸಿಸಿ ಆಕೆಯ ಮನೆಯ ಬಾಗಿಲಿಗೆ ತಲಪಿಸುವುದು ಎಷ್ಟು ಭಾಷಣಗಳಿಗಿಂತಲೂ ಮೇಲಾದ ಮನ್ನಣೆ. ಒಂದೇ ಸಾರಿ ಎರಡು ತಿಂಗಳಿಗಾಗುವಷ್ಟು ಹಿಟ್ಟು ಮಾಡಿಸಿಡಬಾರದು. ರಾಗಿಯ ಕಾಳು ವರ್ಷಗಟ್ಟಲೆ ಉಳಿದರೂ ಹಿಟ್ಟು ಅಷ್ಟು ದಿನ ಬಾಳದು. ಹಳೆಯ ಹಿಟ್ಟಿನ ರೊಟ್ಟಿ ಕಹಿಯಾದರೆ ದೂರು ಬರುವುದು ಬೇಯಿಸಿದವಳ ಮೇಲೆಯೇ.

ಮುಖಂಡರ ಗಮನಕ್ಕೆ ತರಲೇಬೇಕಾದ ಇನ್ನೊಂದು ಸಂಗತಿಯುಂಟು. ಇದನ್ನು ಬರೆಯುವುದಕ್ಕೆ ಸ್ವಲ್ಪ ಸಂಕೋಚವಾದರೂ ಬಿಡುವಂತಿಲ್ಲ. ಒಂದು ಹಳ್ಳಿಯಲ್ಲಿ ದೊಡ್ಡ ಹಿಡುವಳಿದಾರರೊಬ್ಬರು ತಮ್ಮ ಹೊಲದಲ್ಲಿ ಕೂಲಿ ಮಾಡತಕ್ಕ ಹೆಂಗಸರಿಗೆ, ಈ ವಾರ ಧರ್ಮದ ರೊಟ್ಟಿ ನಿಮ್ಮ ಪಾಲಿಗೆ, ಎಂದು ಹೇಳಿ ಕಳುಹಿಸಿದರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಆ ಹೆಂಗಸರಿಗೆ ಇಲ್ಲವೆನ್ನುವ ಧೈರ್ಯವಿರಲಿಲ್ಲ. ಇಲ್ಲವೆನ್ನಲಾರದವರಿಂದ ಪಡೆದ ಕೆಲಸಕ್ಕೆ ನಮ್ಮ ಹಿರಿಯರು ಬಿಟ್ಟಿಯೆಂದು ಹೆಸರಿಟ್ಟಿದ್ದರು. ಜೀತವನ್ನು ೧೯೭೬ರ ಕಾನೂನು ನಿಲ್ಲಿಸಿತು; ಬಿಟ್ಟಿಯ ನೆನಪಾದರೋ ಇನ್ನೂ ಎಷ್ಟೋ ಮನೆಗಳಲ್ಲಿ ಹಸಿಯಾಗಿದೆ. ಸೇವೆಯನ್ನು ಬೇಡಬಹುದು, ಹೇರಕೂಡದು. ಆದಕಾರಣ ಈಗ ನಮ್ಮಲ್ಲಿ ರೊಟ್ಟಿಗೆ ಒಪ್ಪುವವರನ್ನು ಕೇಳತಕ್ಕ ಕೆಲಸವನ್ನು ಹಿಡುವಳಿದಾರರಾಗಲಿ ಅವರ ಮನೆಯವರಾಗಲಿ ಮಾಡುವುದಿಲ್ಲ. ಹೆಂಗಸರೇ ತಮ್ಮಲ್ಲಿ ಒಬ್ಬಳನ್ನು ಆರಿಸಿಕೊಂಡಿದ್ದಾರೆ. ಬರುವುದಿಲ್ಲವೆಂದರೆ ಕಾರಣ ಕೇಳುವುದಿಲ್ಲ. ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ಯಾರು ಬೇಕಾದರೂ ಒಂದು ಗಳಿಗೆ ಕುಳಿತು ರೊಟ್ಟಿ ಲಟ್ಟಿಸಿ ಎದ್ದುಹೋಗಬಹುದು. ಸಂದಣಿಯು ಹೆಚ್ಚಿದಾಗ ರೊಟ್ಟಿಯ ಯಂತ್ರವನ್ನೂ ಓಡಿಸುತ್ತಾರೆ. ಅಷ್ಟು ದೊಡ್ಡ ಪಾಕಶಾಲೆಯು ನಡೆಯುತ್ತಿರುವುದಕ್ಕೆ ಎದ್ದುಹೋಗುವ ಈ ಸ್ವಾತಂತ್ರ್ಯವೂ ಒಂದು ಕಾರಣವೆಂದು ನನಗೆ ತೋರುತ್ತದೆ. ದಿನವಹಿಯಾಗಿ ತಪ್ಪದೆ ನಡೆಯಬೇಕಾದ ಅಡಿಗೆಯಿದ್ದರೆ ಅದಕ್ಕೆ ಸಂಬಳ ಕೊಟ್ಟು ಜನರನ್ನಿಡುವುದು ನ್ಯಾಯ. ಸೇವೆಯ ಹೆಸರಿನಲ್ಲಿ ಕೂಲಿಯನ್ನು ಉಳಿಸತಕ್ಕದ್ದಲ್ಲ.

ಪಟ್ಟಣದ ಕಡೆಯ ಸಹಾಯವನ್ನೂ ಹೇಳಬೇಕು. ಬಿಳಿಯರ ಕಾಲದ ಚಿನ್ನದ ಗಣಿಯಲ್ಲಿ ಒಲೆಗೂಡಿನ ಬ್ರೆಡ್ಡು, ಕ್ರಿಸ್ಮಸ್ಸಿನ ಕೇಕು, ಕುಲ್‌ಕುಲ್ ಇವುಗಳ ಕೈಚಳಕವು ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಬೆಳೆದು ಉಳಿದವರಿಗೂ ಹರಡಿತು. ರಾಬರ್ಟ್‌ಸನ್‌ಪೇಟೆಯಲ್ಲಿ ನಿವೃತ್ತರೊಬ್ಬರು ತಮ್ಮ ಮನೆಯ ಓವನ್ನಿನಲ್ಲಿ ನಮಗಾಗಿ ಮೃದುವಾದ ಬನ್ನುಗಳನ್ನು ಮಾಡಿಕೊಡುತ್ತಾರೆ. ರಾಗಿಯಲ್ಲಿ ಗೋಧಿಯಂತೆ ಜಿಗುಟಿನ ಸತ್ವವಿಲ್ಲದುದರಿಂದ ಬರಿಯ ರಾಗಿಯ ಹಿಟ್ಟು ಉಬ್ಬುವುದಿಲ್ಲ. ಗೋಧಿ ಹಿಟ್ಟು ಮೂರು ಪಾಲಿಗೆ ರಾಗಿ ಒಂದು ಪಾಲು ಬೆರಸಿದರೆ ಬನ್ನು ಚೆನ್ನಾಗಿ ಏಳುವುದೆಂದು ಅವರ ಅನುಭವ. ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಸತ್ವವು ೩೪೦ ಮಿಲಿಗ್ರಾಂಗೂ ಮೇಲ್ಪಟ್ಟು ಇರುವುದರಿಂದ ವೃದ್ಧರ ಮೂಳೆಗಳಿಗೆ ಆ ಒಂದು ಪಾಲೂ ಪ್ರಯೋಜನಕರವೇ. ಇವರಿಗೆ ಬೇಕಾದುದು ಒಂದೇ: ಎಷ್ಟು ಬನ್ನು ಬೇಕೆಂಬ ಸಂಖ್ಯೆಯನ್ನು ಹಿಂದಿನ ದಿನ ಮಧ್ಯಾಹ್ನದೊಳಗೆ ತಿಳಿಸಬೇಕು. ಒಂದು ಸಾರಿ ನಾವು ರಾತ್ರಿ ಒಂಬತ್ತು ಗಂಟೆಗೆ ಇನ್ನೂ ಐವತ್ತು ಬೇಕೆಂದು ಹೇಳಿ ಕಳುಹಿಸಿದೆವು. ಅವರು ಮಾಡಿಕೊಟ್ಟರು, ಅನಂತರ ಮೂರು ವಾರ ಅವರ ಮನೆಯ ಬಾಗಿಲು ನಮಗೆ ತೆರೆಯಲಿಲ್ಲ.

ಹೆಂಗಸರು ಈ ವರ್ಷ ಒಂದು ಷರತ್ತನ್ನು ಇಟ್ಟಿದ್ದಾರೆ. ರಾಗಿಯ ಕುಯ್ಲು ಒಕ್ಕಣೆಗಳು ನಡೆಯತಕ್ಕ ಆರು ವಾರಗಳ ಕಾಲ ರೊಟ್ಟಿ ಇಲ್ಲ. ಹಗಲೆಲ್ಲಾ ಹೊಲದಲ್ಲಿ ಬಾಗಿದ ಬೆನ್ನನ್ನು ರಾತ್ರಿ ಒಲೆಯ ಮುಂದೆ ಬಾಗಿಸಲಾರೆವೆಂದು ಅವರು ಹೇಳಿದುದು ನ್ಯಾಯವಾಗಿಯೇ ಇದೆ. ಸಾಲುಮನೆಯವರಿಗೆ ಇದನ್ನು ಅವರೇ ಹೋಗಿ ತಿಳಿಸಿಬಂದರು. ಆ ಆರು ವಾರ ಬನ್ನುಗಳನ್ನು ಇಮ್ಮಡಿ ಮಾಡುವುದಕ್ಕೆ ರಾಬರ್ಟ್‌ಸನ್‌ಪೇಟೆಯವರು ಒಪ್ಪಿದ್ದಾರೆ. ಅವರಿಗೆ ಬೇಕಾದ ರಾಗಿಯ ಹಿಟ್ಟು ಕುಯ್ಲಿಗೆ ಮುಂಚಿತವಾಗಿ, ವಾರಕ್ಕೆ ಬೇಕಾದಷ್ಟೇ ಬೀಸಿಸಿ, ಮರಳಿಲ್ಲದೆ ತಲಪಬೇಕು. ಹಳೆಯ ರಾಗಿ ಇರುವ ಹಿಡುವಳಿದಾರರು ಹಗೇವು ತೆಗೆಯುವಾಗ ಇದನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.