ಕಷ್ಟದ ಹಾಡು, ಆರು ತಂತಿ, ನಮ್ಮ ಮನೆಯ ಮಕ್ಕಳು

ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ನಮ್ಮ ಬ್ಯಾರಿ ಕುಟುಂಬಗಳಿಗೆ ಕುಣಿಗಲ್ ಅಂದರೆ ನಿದ್ದೆಗಣ್ಣಿನಲ್ಲಿ ದಾಟಿಹೋಗುವ ಊರು. ಅದೇ ತಾಲೂಕಿನ ಕೊತ್ತಗೆರೆ ಹೋಬಳಿಯ ಹೆಸರು ಕೇಳಿದವರು ನಮ್ಮಲ್ಲಿ ಇನ್ನೂ ಕಡಿಮೆ. ಆದರೆ ಆ ಸೀಮೆಗೂ ಹಾಡಿಗೂ ಹಳೆಯ ನಂಟು. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಕೇಳದ ಕನ್ನಡಿಗರು ಉಂಟಾ? ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪೆನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಡೀ ಹೆಸರಾಯಿತು. ಇವತ್ತು ಕೊತ್ತಗೆರೆಯ ಹುಡುಗನಿಗೂ ಉಳ್ಳಾಲದ ಹುಡುಗನಿಗೂ ಗಿಟಾರ್ ಕಲಿಸುವ ಗುರು ಒಬ್ಬನೇ: ಕೈಯಲ್ಲಿರುವ ಮೊಬೈಲ್.

ಗಿಟಾರಿನ ಆಸೆ ಹೆಚ್ಚಾಗಿ ಸುಲಭದ ಹಾಡಿನಿಂದ ಹುಟ್ಟುವುದಿಲ್ಲ. 'ಇದನ್ನು ಇವರು ಹೇಗಪ್ಪಾ ನುಡಿಸುತ್ತಾರೆ' ಅಂತ ಬಾಯಿ ಬಿಡುವಂತೆ ಮಾಡುವ ಹಾಡೇ ಮಕ್ಕಳನ್ನು ಹಿಡಿದು ಕೂರಿಸುತ್ತದೆ. 1976ರ ಕೊನೆಗೆ ಬಂದ ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ'ದ ಕೊನೆಯಲ್ಲಿ ಎರಡು ಗಿಟಾರ್‌ಗಳು ಜೊತೆಜೊತೆಯಾಗಿ ಮಾತಾಡುತ್ತವಲ್ಲ, ಅದನ್ನು ಕೇಳಿಯೇ ಜಗತ್ತಿನ ಎಷ್ಟೋ ಹುಡುಗರು ತಂತಿಗೆ ಕೈ ಹಾಕಿದ್ದಾರೆ. ನಮ್ಮ ಮನೆಗಳಲ್ಲಿ ಆಗ ಕೇಳಿಬರುವ ಮಾತು ಮಾತ್ರ ಬೇರೆ: "ಇದೆಲ್ಲ ನಮಗೆ ಯಾಕೆ ಮೋನೇ?" ಈ ಮಾತಿನೊಳಗೆ ಎರಡು ಆತಂಕಗಳಿವೆ. ಒಂದು ಓದಿನದ್ದು, ಇನ್ನೊಂದು ದೀನಿನದ್ದು. ಎರಡನ್ನೂ ತಳ್ಳಿಹಾಕುವಂತಿಲ್ಲ.

ಸವಾಲಿನಿಂದ ಶುರುವಾದ ದಾರಿ

ಓದಿನ ಮಾತಿಗೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಕಲಿತದ್ದು ಭರತನಾಟ್ಯ. ಕಾಲೇಜಿನಲ್ಲಿ ಜೊತೆಯ ಹುಡುಗನೊಬ್ಬ ಅದನ್ನು ಹಂಗಿಸಿದ. ಆ ಮಾತು ಸವಾಲಾಗಿ, ಇವರು ಗಿಟಾರ್ ಕಲಿತು ಹಾಡಿಯೇ ತೋರಿಸುತ್ತೇನೆಂದು ಹಟ ಹಿಡಿದರು. ಹಾಗಂತ ಪುಸ್ತಕ ಮೂಲೆಗೆ ಎಸೆಯಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಬಯಾಲಜಿ ಓದಿ ಚಿನ್ನದ ಪದಕ ಪಡೆದರು, ಅದೇ ಕ್ಷೇತ್ರದಲ್ಲಿ ನೌಕರಿಯನ್ನೂ ಮಾಡಿದರು. ಸಂಗೀತ ಹೊಟ್ಟೆಪಾಡಾದದ್ದು ಆಮೇಲೆ.

ಅವರು 2008ರಲ್ಲಿ ಹೊರತಂದ 'ಅಂತರಾಗ್ನಿ' ಆಲ್ಬಮ್ಮಿನಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಸಂತ ಶಿಶುನಾಳ ಶರೀಫರ ಎರಡು ಪದಗಳು, ಗುಡುಗುಡಿಯ ಪದ ಮತ್ತು ಸೋರುವ ಮಾಳಿಗೆಯ ಪದ. ಇಮಾಮ್ ಸಾಹೇಬರ ಮಗನಾಗಿ 1819ರಲ್ಲಿ ಹುಟ್ಟಿದ ಶರೀಫರು ಗೋವಿಂದ ಭಟ್ಟರನ್ನು ಗುರುವೆಂದು ನಂಬಿ ನಡೆದವರು. 1990ರಲ್ಲಿ ನಾಗಾಭರಣ ಅವರ ಸಿನೆಮಾ ಮತ್ತು ಸಿ. ಅಶ್ವತ್ಥ್ ಅವರ ಸಂಗೀತದಿಂದ ಆ ಪದಗಳು ಮನೆಮನೆಗೆ ಬಂದವು. ಅದೇ ಪದಗಳನ್ನು ಗಿಟಾರ್ ಹಿಡಿದ ತಲೆಮಾರು ಇನ್ನೊಮ್ಮೆ ಎತ್ತಿಕೊಂಡಿತು.

ಶರೀಫರ ಪದ ನಿಜಕ್ಕೂ ಕಷ್ಟದ ಹಾಡು. ಅದನ್ನು ನುಡಿಸುವುದಕ್ಕಿಂತ ಅರ್ಥ ಬಿಡಿಸುವುದು ಕಷ್ಟ. ಗುಡುಗುಡಿ ಬರೀ ಹುಕ್ಕಾ ಅಲ್ಲ, ಸೋರುವ ಮನೆ ಬರೀ ಮಣ್ಣಿನ ಮನೆ ಅಲ್ಲ. ಮೈ ಯಾವುದು, ಮನಸ್ಸು ಯಾವುದು, ಅಜ್ಞಾನ ಎಲ್ಲಿಂದ ತೊಟ್ಟಿಕ್ಕುತ್ತದೆ ಎಂದು ಕೇಳಿಕೊಳ್ಳದೆ ಹಾಡಿದರೆ ಗಂಟಲಿನ ಕಸರತ್ತಷ್ಟೇ ಆದೀತು.

ತಂತಿಯ ಬೇರು ಎಲ್ಲಿ?

ಗಿಟಾರ್ ಪೂರ್ತಿ ಪರಕೀಯ ಎನ್ನುವವರು ಸ್ವಲ್ಪ ಚರಿತ್ರೆಯನ್ನೂ ನೋಡಬೇಕು. ಬಗ್ದಾದಿನಲ್ಲಿ ಹೆಸರು ಮಾಡಿದ್ದ ಝಿರ್ಯಾಬ್ 822ರಲ್ಲಿ ಅಂದಲೂಸಿನ ಕೊರ್ಡೊಬಾ ತಲುಪಿದರು. ಊದ್ ಎಂಬ ವಾದ್ಯಕ್ಕೆ ಐದನೇ ತಂತಿ ಸೇರಿಸಿದ ಕೀರ್ತಿ ಅವರದು. ಆ ಊದೇ ಯುರೋಪಿನಲ್ಲಿ ಲ್ಯೂಟ್ ಆಯಿತು, ಹೆಸರು ಕೂಡ 'ಅಲ್-ಊದ್'ನಿಂದಲೇ ಬಂದದ್ದು. ಇವತ್ತಿನ ಗಿಟಾರಿನ ಆಕಾರ ಗಟ್ಟಿಯಾದದ್ದು 19ನೇ ಶತಮಾನದಲ್ಲಿ, ಸ್ಪೇನಿನ ಅಲ್ಮೇರಿಯಾದ ಆಂಟೋನಿಯೋ ದೆ ತೊರ್ರೆಸ್ ಎಂಬ ಕುಶಲಕರ್ಮಿಯ ಕೈಯಲ್ಲಿ. ಅವರು ಹುಟ್ಟಿದ್ದು 1817ರಲ್ಲಿ, ನಮ್ಮ ಶರೀಫರಿಗಿಂತ ಎರಡೇ ವರ್ಷ ಮೊದಲು.

ಚರಿತ್ರೆ ಇದೆ ಅಂದಮಾತ್ರಕ್ಕೆ ದೀನಿನ ಪ್ರಶ್ನೆ ಮುಗಿಯಲಿಲ್ಲ. ನಾವು ಬ್ಯಾರಿಗಳು ಹೆಚ್ಚಾಗಿ ಶಾಫಿಈ ಮದ್ಹಬಿನವರು. ಆ ಮದ್ಹಬಿನ ಪ್ರಮುಖ ವಿದ್ವಾಂಸರು ತಂತಿವಾದ್ಯವನ್ನು ಒಪ್ಪುವುದಿಲ್ಲ. ಮದುವೆಯಂಥ ಸಂತೋಷದ ಹೊತ್ತಿಗೆ ದಫ್‌ಗೆ ಅನುಮತಿ ಇದೆ. ನಮ್ಮ ದಫ್, ಒಪ್ಪನೆ, ಕೈಚಪ್ಪಾಳೆಯ ಹಾಡುಗಳು ಆ ಚೌಕಟ್ಟಿನಲ್ಲೇ ಬೆಳೆದವು. ಅದೇ ಕೊರ್ಡೊಬಾದಲ್ಲಿ ಹುಟ್ಟಿದ ಇಬ್ನ್ ಹಝ್ಮ್ (994–1064) ವಾದ್ಯ ನಿಷೇಧದ ಹದೀಸ್‌ಗಳ ಸನದ್ ದುರ್ಬಲವೆಂದು ವಾದಿಸಿದ್ದರು, ಬಹುಪಾಲು ಉಲೆಮಾಗಳು ಆ ವಾದವನ್ನು ಒಪ್ಪಲಿಲ್ಲ. ಇಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಅದು ಉಸ್ತಾದರ ಕೆಲಸ. ಆದರೆ ಮಗು ಕೇಳಿದಾಗ 'ಬಾಯಿ ಮುಚ್ಚು' ಅನ್ನುವುದು ಉತ್ತರವಲ್ಲ. ಯಾಕೆ ಬೇಡ ಅನ್ನುತ್ತಾರೆ, ಯಾರು ಏನು ಹೇಳಿದ್ದಾರೆ ಎಂದು ಕೂರಿಸಿ ಹೇಳಿದರೆ ಅದೇ ಒಂದು ಪಾಠ. ಹೇಳದೇ ಹೋದರೆ ಮಕ್ಕಳು ಗೆಳೆಯರ ಮನೆಯಲ್ಲಿ ಗಿಟಾರ್ ಇಟ್ಟು ನಮಗೆ ಸುಳ್ಳು ಹೇಳಲು ಕಲಿಯುತ್ತಾರೆ. ತಂತಿಗಿಂತ ದೊಡ್ಡ ನಷ್ಟ ಆ ಸುಳ್ಳು.

ಬೆರಳು ಕಲಿಸುವ ಸಬ್ರ್

ಮನೆಯಲ್ಲಿ ಒಪ್ಪಿಗೆ ಸಿಕ್ಕಿ ಕಲಿಯುವ ಮಕ್ಕಳೂ ನಮ್ಮಲ್ಲಿದ್ದಾರೆ. ಅವರ ಉಮ್ಮ-ಬಾಪಂದಿರು ತಿಳಿದಿರಬೇಕಾದ ಮಾತು: ಮೊದಲ ಕೆಲವು ವಾರ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಉಕ್ಕಿನ ತಂತಿಗಿಂತ ನೈಲಾನ್ ತಂತಿಯ ಗಿಟಾರ್ ಬೆರಳಿಗೆ ಮೃದು. ಇ ಮೈನರ್, ಎ ಮೈನರ್, ಸಿ, ಜಿ ಇಂಥ ಕಾರ್ಡ್‌ಗಳು ಮೊದಲು ಬರುತ್ತವೆ. ಹೆಚ್ಚಿನವರು ಬಿಟ್ಟುಬಿಡುವುದು ಎಫ್ ಕಾರ್ಡಿನ ಹತ್ತಿರ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒಟ್ಟಿಗೆ ಅದುಮಬೇಕು, ಶುರುವಿಗೆ ಬರೀ 'ಠಪ್ ಠಪ್' ಸದ್ದು. ಕ್ಯಾಪೋ ಎಂಬ ಸಣ್ಣ ಕ್ಲಿಪ್ ಹಾಕಿಕೊಂಡರೆ ಸುಲಭದ ಕಾರ್ಡ್‌ಗಳಲ್ಲೇ ಏರುಶ್ರುತಿಯಲ್ಲಿ ಹಾಡಬಹುದು.

ಕಷ್ಟದ ಹಾಡನ್ನು ಇಡಿಯಾಗಿ ನುಂಗಲು ಹೋಗಬಾರದು. ಒಂದು ಸಾಲಿನಷ್ಟು ತೆಗೆದುಕೊಂಡು ಅರ್ಧ ವೇಗದಲ್ಲಿ ನುಡಿಸಬೇಕು. ತಪ್ಪಿಲ್ಲದೆ ಬಂದ ಮೇಲೆ ಮಾತ್ರ ವೇಗ ಏರಿಸಬೇಕು. ಭಾನುವಾರ ಎರಡು ಗಂಟೆ ಒದ್ದಾಡುವುದಕ್ಕಿಂತ ದಿನಕ್ಕೆ ಇಪ್ಪತ್ತು ನಿಮಿಷ ಒಳ್ಳೆಯದು. ಮದ್ರಸದಲ್ಲಿ ಒಂದೊಂದೇ ಆಯತ್ತು ತಿರುತಿರುಗಿ ಓದಿ ಬಾಯಿಪಾಠ ಮಾಡಿದ ಮಕ್ಕಳಿಗೆ ಈ ಕ್ರಮ ಹೊಸತೇನಲ್ಲ.

ಮನೆಯವರು ಮೊದಲೇ ಕೆಲವು ಮಾತು ನಿಕ್ಕಿ ಮಾಡಿಕೊಂಡರೆ ಜಗಳ ಕಡಿಮೆ. ನಮಾಝಿನ ಹೊತ್ತಿಗೆ ಗಿಟಾರ್ ಚೀಲದೊಳಗೆ. ಪರೀಕ್ಷೆಯ ತಿಂಗಳಲ್ಲಿ ಅದಕ್ಕೆ ರಜೆ. ಹಾಡಿನ ಮಾತು ಕೊಳಕಾಗಿದ್ದರೆ ಅದು ಬೇಡ. ಇನ್ನು ಒಪ್ಪದ ಮನೆಗಳಲ್ಲಿಯೂ ಮಗುವಿನ ಆಸಕ್ತಿಯನ್ನು ಚಿವುಟಿ ಹಾಕಬೇಕಾಗಿಲ್ಲ. ಕಂಠ ಇದೆ, ದಫ್ ಇದೆ, ನಮ್ಮ ಬ್ಯಾರಿ ಹಾಡುಗಳಿವೆ. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ಭಾಷೆಗೊಂದು ಮನೆಯಾಯಿತು. ಆ ಮನೆಯಲ್ಲಿ ಹಾಡುವ ಎಳೆಯ ದನಿಗಳು ಬೇಕು. ಹಿರಿಯರ ಬಾಯಲ್ಲಿ ಉಳಿದಿರುವ ಮದುವೆಯ ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಲಿಯುವುದು ಯಾವ ಗಿಟಾರ್ ಪಾಠಕ್ಕೂ ಕಡಿಮೆ ಸವಾಲಲ್ಲ. ಮುಂದಿನ ರಜೆಯಲ್ಲಿ ಮಕ್ಕಳನ್ನು ಉಮ್ಮಮ್ಮನ ಹತ್ತಿರ ಕೂರಿಸಿ ಒಂದು ಹಾಡು ಕೇಳಿಸಿ ನೋಡಿ.