ಮನೆಯಲ್ಲಿ ಕೋಳಿಮರಿ ಮಾಡಿಸುವುದೂ ಮರಿಗಳ ಪಾಲನೆಯೂ

ಗ್ರಾಮಗಳಲ್ಲಿ ಹಿತ್ತಲ ಕೋಳಿಯು ಬಹುಮಟ್ಟಿಗೆ ಹೆಂಗಸರ ಸ್ವತ್ತು. ಮೊಟ್ಟೆ ಮಾರಿದ ಹಣವೂ, ಹಬ್ಬದ ಕಾಲಕ್ಕೆ ಹುಂಜ ಮಾರಿದ ಹಣವೂ ಅವರ ಕೈಯಲ್ಲಿಯೇ ಉಳಿದು, ಮಕ್ಕಳ ಪುಸ್ತಕಕ್ಕೋ ಔಷಧಕ್ಕೋ ಒದಗುವುದು. ಆದುದರಿಂದ ಮರಿಗಳು ಸತ್ತರೆ ಆ ನಷ್ಟವು ಯಜಮಾನನ ಲೆಕ್ಕದಲ್ಲಿ ಕಾಣದಿದ್ದರೂ ಅಡಿಗೆಮನೆಯ ಡಬ್ಬಿಯಲ್ಲಿ ಕಾಣುವುದು. ಹನ್ನೆರಡು ಮೊಟ್ಟೆಗಳ ಮೇಲೆ ಕುಳಿತ ನಾಟಿ ಹೇಂಟೆಯು ಹತ್ತು ಮರಿಗಳೊಡನೆ ಗೂಡಿನಿಂದಿಳಿಯುವುದು ಅಪರೂಪವಲ್ಲ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಹತ್ತರಲ್ಲಿ ಮೂರೋ ನಾಲ್ಕೋ ಉಳಿದರೆ ಅದೇ ಭಾಗ್ಯವೆಂದು ತಿಳಿಯುವ ಮನೆಗಳು ಅನೇಕ. ಹದ್ದು, ಕಾಗೆ, ಮುಂಗುಸಿ, ಚಳಿ, ರೋಗ ಇವು ತಮ್ಮ ತಮ್ಮ ಪಾಲನ್ನು ತೆಗೆದುಕೊಂಡಿರುತ್ತವೆ.

ಇದನ್ನು ಪರಿಶೀಲಿಸಿದರೆ ಒಂದು ವಿಷಯ ಸ್ಪಷ್ಟವಾಗುವುದು. ಕಾವು ಕೊಡುವ ಕೆಲಸದಲ್ಲಿ ನಾಟಿ ಹೇಂಟೆಗೆ ಸಮನಾದ ಅಗ್ಗದ ಯಂತ್ರವು ಬೇರೊಂದಿಲ್ಲ. ಮರಿ ಕಾಯುವ ಕೆಲಸದಲ್ಲಿ ಮಾತ್ರ ಅದು ಸೋಲುತ್ತದೆ. ಆದಕಾರಣ ಕಾವನ್ನು ಹೇಂಟೆಗೆ ಬಿಟ್ಟು, ಮರಿಗಳ ಪಾಲನೆಯನ್ನು ಮನೆಯವರು ವಹಿಸಿಕೊಳ್ಳುವುದು ಮೇಲು. ಇದರಿಂದ ಮತ್ತೊಂದು ಲಾಭವೂ ಉಂಟು. ನಾಟಿ ಹೇಂಟೆಯು ಒಂದು ಸರದಿಗೆ ಸುಮಾರು 12ರಿಂದ 15 ಮೊಟ್ಟೆಗಳನ್ನಿಟ್ಟು, 21 ದಿವಸ ಕಾವು ಕುಳಿತು, ಬಳಿಕ ಎರಡು ತಿಂಗಳಿಗೂ ಮೇಲ್ಪಟ್ಟು ಮರಿಗಳ ಹಿಂದೆ ತಿರುಗುವುದು. ಅಷ್ಟು ಕಾಲ ಮೊಟ್ಟೆಯಿಲ್ಲ. ಹೀಗೆ ವರ್ಷದಲ್ಲಿ ಮೂರು ನಾಲ್ಕು ಸರದಿಗಳು ಮಾತ್ರ ದೊರೆತು, ಒಟ್ಟು ಮೊಟ್ಟೆಗಳು 50 ಅಥವಾ 60ರ ಆಸುಪಾಸಿನಲ್ಲಿ ನಿಲ್ಲುವುವು. ಮರಿಗಳ ಭಾರವನ್ನು ತಾಯಿಯಿಂದ ಬೇಗ ಇಳಿಸಿದರೆ ಅದು ಮೈ ತುಂಬಿಕೊಂಡು ಮೊದಲಿಗಿಂತ ಶೀಘ್ರವಾಗಿ ಮೊಟ್ಟೆಗೆ ಬರುವುದು.

ಮರಿಯ ಯೋಗಕ್ಷೇಮವು ಕಾವಿಗೆ ಮುಂಚೆಯೇ, ಮೊಟ್ಟೆಯನ್ನು ಕೂಡಿಡುವಲ್ಲಿಯೇ ಆರಂಭವಾಗುವುದೆಂಬುದನ್ನು ಬಹು ಮಂದಿ ಗಮನಿಸುವುದಿಲ್ಲ. ಹತ್ತು ಹೇಂಟೆಗಳಿಗೆ ಚುರುಕಾದ ಒಂದು ಹುಂಜವಿರಬೇಕು. ಮೊಟ್ಟೆಯು ಮಧ್ಯಮ ಗಾತ್ರದ್ದಾಗಿ, ಸಿಪ್ಪೆಯು ಬಿರುಕಿಲ್ಲದೆ ನಯವಾಗಿರಬೇಕು. ಕೊಳೆಯಾದ ಮೊಟ್ಟೆಯನ್ನು ನೀರಿನಿಂದ ತೊಳೆಯಕೂಡದು. ಸಿಪ್ಪೆಯಲ್ಲಿ ಸಹಸ್ರಾರು ಸೂಕ್ಷ್ಮ ರಂಧ್ರಗಳಿದ್ದು, ಅವುಗಳನ್ನು ಮುಚ್ಚಿರುವ ತೆಳುವಾದ ಸಹಜ ಲೇಪವು ತೊಳೆದರೆ ಹೋಗಿಬಿಡುವುದು. ಆ ದಾರಿಯಲ್ಲಿ ಕೊಳೆಯುವ ಕ್ರಿಮಿಗಳು ಒಳಗೆ ನುಗ್ಗುವುವು. ಒಣಬಟ್ಟೆಯಿಂದ ಒರೆಸಿ ಹೋಗದಷ್ಟು ಕೊಳೆಯಿದ್ದರೆ ಆ ಮೊಟ್ಟೆಯನ್ನು ಅಡಿಗೆಗೆ ಕೊಡುವುದೇ ಸರಿ.

ಮೊಟ್ಟೆಗಳನ್ನು ಮೊಂಡು ತುದಿ ಮೇಲಾಗಿ ಇಡಬೇಕು. ಗಾಳಿಯ ಕೋಣೆಯು ಆ ತುದಿಯಲ್ಲಿರುವುದು. 7 ದಿವಸಗಳಿಗಿಂತ ಹಳೆಯ ಮೊಟ್ಟೆಗಳನ್ನು ಕಾವಿಗಿಡಬಾರದು. ಬೇಸಗೆಯಲ್ಲಾದರೆ ಮೂರು ನಾಲ್ಕು ದಿವಸವೇ ಮಿತಿ. ಇದಕ್ಕೆ ಕಾರಣವುಂಟು. ಮೊಟ್ಟೆಯೊಳಗಿನ ಜೀವಾಂಕುರವು ತಂಪಿನಲ್ಲಿ ನಿದ್ರಿಸುತ್ತಿದ್ದು, ಸುಮಾರು 70 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಕೂಡಲೇ ನಿಧಾನವಾಗಿ ಬೆಳೆಯತೊಡಗುವುದು. ಹೆಂಚಿನ ಕೆಳಗಿನ ಅಟ್ಟದ ಮೇಲೆ ಚೈತ್ರ ವೈಶಾಖಗಳ ಸೆಕೆಯಲ್ಲಿಟ್ಟ ಮೊಟ್ಟೆಯಲ್ಲಿ ಅದು ಅರೆಬರೆ ಬೆಳೆದು, ಪೂರ್ಣ ಕಾವು ದೊರೆಯದೆ ಸಾಯುವುದು. ಆಮೇಲೆ ಹೇಂಟೆಯು ಎಷ್ಟು ಶ್ರದ್ಧೆಯಿಂದ ಕುಳಿತರೂ ಫಲವಿಲ್ಲ. ಗುಡುಗಿಗೆ ಮೊಟ್ಟೆ ಕೆಡುವುದೆಂದು ಗೂಡಿನಲ್ಲಿ ಕಬ್ಬಿಣದ ತುಂಡನ್ನಿಡುವ ರೂಢಿ ಕೆಲವೆಡೆ ಇದೆ. ಕಬ್ಬಿಣದಿಂದ ಬಾಧಕವೇನೂ ಇಲ್ಲ. ಆದರೆ ಗುಡುಗಿನ ಕಾಲವೇ ವರ್ಷದ ಅತಿ ಸೆಕೆಯ ಕಾಲವೆಂಬುದನ್ನು ನೆನೆದರೆ ಅಪರಾಧಿ ಯಾರೆಂಬುದು ಊಹಿಸಬಹುದು. ಮಣ್ಣಿನ ಅಗಲ ಮಡಕೆಯೊಂದನ್ನು ನೆರಳಿನಲ್ಲಿ ಒದ್ದೆ ಮರಳಿನೊಳಗೆ ಅರ್ಧ ಹೂತು, ಒಳಗೆ ಹುಲ್ಲು ಹಾಸಿ ಮೊಟ್ಟೆಗಳನ್ನಿಟ್ಟು ತೆಳು ಬಟ್ಟೆ ಮುಚ್ಚಿ, ಮರಳಿಗೆ ಎರಡು ಹೊತ್ತು ನೀರು ಚಿಮುಕಿಸುತ್ತಿದ್ದರೆ ಒಂದು ಕಾಸಿನ ಖರ್ಚಿಲ್ಲದೆ ತಂಪು ದೊರೆಯುವುದು.

ಕಾವಿನ ಗೂಡಿಗೆ ಸುಮಾರು 15 ಅಂಗುಲ ಅಗಲ, 8 ಅಂಗುಲ ಆಳದ ಬಿದಿರಿನ ಬುಟ್ಟಿ ಸಾಕು. ತಳದಲ್ಲಿ ಬೂದಿ ಬೆರೆಸಿದ ಮಣ್ಣನ್ನು ತಟ್ಟೆಯಂತೆ ತಗ್ಗಾಗಿ ಹರಡಿ, ಮೇಲೆ ಒಣಹುಲ್ಲು ಹಾಸಬೇಕು. ತಗ್ಗು ತೀರ ಆಳವಾದರೆ ಮೊಟ್ಟೆಗಳು ಒಂದರ ಮೇಲೊಂದು ಬೀಳುವುವು. ಮಟ್ಟಸವಾದರೆ ಅಂಚಿಗೆ ಉರುಳಿ ತಣ್ಣಗಾಗುವುವು. ಗೂಡು ಮಬ್ಬು ಬೆಳಕಿನ, ನಾಯಿ ಬೆಕ್ಕುಗಳು ಬಾರದ ಮೂಲೆಯಲ್ಲಿರಲಿ. ಕೂರಿಸುವ ಮುಂಚೆ ಹೇಂಟೆಯ ರೆಕ್ಕೆಗಳ ಸಂದಿನಲ್ಲಿ ಹೇನುಗಳಿವೆಯೇ ಎಂದು ಪರೀಕ್ಷಿಸತಕ್ಕದ್ದು. ಹೇನು ಕಾಡುವ ಹೇಂಟೆಯು ಗೂಡಿನಲ್ಲಿ ನಿಲ್ಲದು, ನಿಂತರೂ ಆ ಹೇನುಗಳು ಮರಿಗಳಿಗೆ ಹತ್ತುವುವು. ರಾತ್ರಿಯ ವೇಳೆ ಕೂರಿಸಿದರೆ ಹೇಂಟೆಯು ಹೊಸ ಗೂಡಿಗೆ ಸುಲಭವಾಗಿ ಒಗ್ಗುವುದು. ಮೊದಲ ಎರಡು ದಿವಸ ಬೇಡದ ಮೊಟ್ಟೆಗಳನ್ನಿಟ್ಟು, ಅದು ಸ್ಥಿರವಾಗಿ ಕುಳಿತಿತೆಂದು ತಿಳಿದ ಮೇಲೆ ಒಳ್ಳೆಯವುಗಳನ್ನಿಡುವುದು ಜಾಣತನ. ತನ್ನ ಗಾತ್ರದ ಮೊಟ್ಟೆಗಳಾದರೆ 10ರಿಂದ 12, ದಪ್ಪ ಮೊಟ್ಟೆಗಳಾದರೆ 8ರಿಂದ 10 ಸಾಕು. ಹದಿನೈದು ಇಟ್ಟು ಹದಿನೈದನ್ನೂ ಪಡೆಯಬೇಕೆಂಬ ಆಸೆಯಿಂದ ಸರದಿಯ ಮೇಲೆ ಪ್ರತಿಯೊಂದು ಮೊಟ್ಟೆಯೂ ಅಂಚಿಗೆ ಬಂದು ತಣಿದು, ಎಂಟು ಮರಿಗಳೂ ಆಗದಿರುವುದುಂಟು.

ಸಾಧ್ಯವಾದರೆ ಎರಡು ಹೇಂಟೆಗಳನ್ನು ಒಂದೇ ರಾತ್ರಿ ಕೂರಿಸಬೇಕು. ಇದರ ಉಪಯೋಗ 7ನೆಯ ರಾತ್ರಿ ತಿಳಿಯುವುದು. ಅಂದು ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬಾಯಿಗೆ ರಂಧ್ರ ಮಾಡಿದ ರಟ್ಟನ್ನು ಕಟ್ಟಿ, ಒಂದೊಂದು ಮೊಟ್ಟೆಯ ಮೊಂಡು ತುದಿಯನ್ನೂ ಬೆಳಕಿಗೆ ಹಿಡಿದು ನೋಡತಕ್ಕದ್ದು. ಜೇಡರ ಬಲೆಯಂತೆ ಕೆಂಪು ನರಗಳು ಹರಡಿದ್ದರೆ ಜೀವವಿದೆ. ಪೂರ್ಣ ತಿಳಿಯಾಗಿದ್ದರೆ ಅದು ಬರಡು ಮೊಟ್ಟೆ. ನರಗಳಿಲ್ಲದೆ ರಕ್ತದ ಬಳೆ ಮಾತ್ರ ಕಂಡರೆ ಅಂಕುರವು ಸತ್ತಿದೆಯೆಂದು ತಿಳಿದು ದೂರ ಹೂಳಬೇಕು. ಎರಡು ಗೂಡುಗಳಲ್ಲಿಯೂ ಬರಡು ಮೊಟ್ಟೆಗಳು ಹೆಚ್ಚಾಗಿದ್ದರೆ, ಉಳಿದವನ್ನೆಲ್ಲ ಒಂದು ಹೇಂಟೆಯ ಕೆಳಗೆ ಸೇರಿಸಿ ಇನ್ನೊಂದಕ್ಕೆ ಹೊಸ ಮೊಟ್ಟೆಗಳನ್ನಿಡಬಹುದು. ಎಷ್ಟೋ ಮನೆಗಳಲ್ಲಿ ಹೇಂಟೆಯು ಮೂರು ವಾರ ಬರಡು ಮೊಟ್ಟೆಗಳ ಮೇಲೆ ಕುಳಿತು ಬಡವಾಗುವುದನ್ನು ಈ ಐದು ನಿಮಿಷದ ಪರೀಕ್ಷೆಯು ತಪ್ಪಿಸುವುದು.

ದಿನಕ್ಕೊಮ್ಮೆ ಹೇಂಟೆಯು ಕೆಳಗಿಳಿದು ತಿಂದು, ಕುಡಿದು, ಧೂಳಿನಲ್ಲಿ ಹೊರಳಿ ಹಿಂದಿರುಗಲು 15 ಅಥವಾ 20 ನಿಮಿಷ ಬೇಕು. ತಾನಾಗಿ ಇಳಿಯದಿದ್ದರೆ ಮೆಲ್ಲನೆ ಎತ್ತಿ ಇಳಿಸಬೇಕು. ಕಾಳು ಮತ್ತು ನೀರು ಗೂಡಿನ ಸಮೀಪದಲ್ಲಿರಲಿ. 18ನೆಯ ದಿವಸದ ನಂತರ ಗೂಡಿಗೆ ಕೈ ಹಾಕಬಾರದು. ಮರಿಯು ಸಿಪ್ಪೆಯನ್ನು ಕುಕ್ಕಿದ ಮೇಲೆ ಹೊರಬರಲು ಅರ್ಧ ದಿನ, ಕೆಲವು ವೇಳೆ ಒಂದು ದಿನವೇ ಹಿಡಿಯುವುದು. ಆ ಅವಧಿಯಲ್ಲಿ ಮೊಟ್ಟೆಯ ಹಳದಿಯ ಶೇಷವು ಮರಿಯ ಹೊಟ್ಟೆಯೊಳಕ್ಕೆ ಸೆಳೆಯಲ್ಪಟ್ಟು ರಕ್ತನಾಳಗಳು ಒಣಗಬೇಕು. ಕನಿಕರದಿಂದ ಸಿಪ್ಪೆ ಸುಲಿದು ಸಹಾಯ ಮಾಡುವವರು ಸಾಮಾನ್ಯವಾಗಿ ಮರಿಯನ್ನು ಕೊಲ್ಲುತ್ತಾರೆ.

ಹೇಂಟೆಯಿಲ್ಲದೆ ಮರಿ ಮಾಡಿಸುವ ವಿದ್ಯೆಯು ಹೊಸದಲ್ಲ; ಈಜಿಪ್ಟಿನವರು ಪ್ರಾಚೀನ ಕಾಲದಲ್ಲಿಯೇ ದೊಡ್ಡ ಮಣ್ಣಿನ ಒಲೆಗಳಲ್ಲಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದರು. ಈಗ ವಿದ್ಯುತ್ತಿನ ಚಿಕ್ಕ ಪೆಟ್ಟಿಗೆಗಳು ಪೇಟೆಗಳಲ್ಲಿ ದೊರೆಯುತ್ತವೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಶಾಖವು ಸುಮಾರು 99.5 ಡಿಗ್ರಿಯಲ್ಲಿಯೂ, ಫ್ಯಾನ್ ಇಲ್ಲದುದರಲ್ಲಿ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದಾಗ ಸುಮಾರು 102 ಡಿಗ್ರಿಯಲ್ಲಿಯೂ ನಿಲ್ಲಬೇಕು. ದಿನಕ್ಕೆ ಮೂರು ಬಾರಿಯಾದರೂ ಮೊಟ್ಟೆಗಳನ್ನು ಹೊರಳಿಸಬೇಕು. ಹೊತ್ತು ಗೊತ್ತಿಲ್ಲದೆ ವಿದ್ಯುತ್ ನಿಲ್ಲುವ ಹಳ್ಳಿಯಲ್ಲಿ ಇಪ್ಪತ್ತು ಮೂವತ್ತು ಮೊಟ್ಟೆಗಳಿಗಾಗಿ ಇಷ್ಟು ಚಿಂತೆಯನ್ನು ಕೊಳ್ಳುವುದು ಲಾಭವಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಬೆಳೆಸಿದ ಗಿರಿರಾಜ ತಳಿಯ ಹೇಂಟೆಯು ಮೊಟ್ಟೆ ಹೆಚ್ಚಾಗಿ ಇಡುವುದಾದರೂ ಕಾವಿಗೆ ಕೂರುವುದಿಲ್ಲ. ಆದುದರಿಂದ ಸುಧಾರಿಸಿದ ತಳಿಗಳನ್ನು ಸಾಕುವವರೂ ಸ್ಥಿರವಾಗಿ ಕೂರುವ ಒಂದೆರಡು ನಾಟಿ ಹೇಂಟೆಗಳನ್ನು ಮಾರದೆ ಇಟ್ಟುಕೊಳ್ಳತಕ್ಕದ್ದು.

ಇನ್ನು ಪಾಲನೆ. ಮರಿಗಳು ಒಣಗಿ ಚುರುಕಾದ ಮೇಲೆ, ಎರಡನೆಯ ಅಥವಾ ಮೂರನೆಯ ರಾತ್ರಿ ಅವುಗಳನ್ನು ಬೇರ್ಪಡಿಸಿ, ಅವುಗಳ ಕೂಗು ಕೇಳದಷ್ಟು ದೂರದಲ್ಲಿ ತಾಯಿಯನ್ನಿಡಬೇಕು. ಹೊತ್ತು ಹೊತ್ತಿಗೆ ನೋಡಿಕೊಳ್ಳಲು ಬಿಡುವಿಲ್ಲದ ಮನೆಯವರು ಇಷ್ಟು ದೂರ ಹೋಗಬೇಕಾಗಿಲ್ಲ. ಎರಡು ಹೇಂಟೆಗಳ ಮರಿಗಳನ್ನು ರಾತ್ರಿಯಲ್ಲಿ ಒಂದರ ಕೆಳಗೆ ಸೇರಿಸಿ, ಅದನ್ನು ಬುಟ್ಟಿ ಕವಿದು ಕಾಪಾಡಿದರೆ ಇನ್ನೊಂದು ಹೇಂಟೆಗಾದರೂ ಬಿಡುಗಡೆ ದೊರೆಯುವುದು.

ಮೊದಲ ವಾರಗಳಲ್ಲಿ ಮರಿಯು ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಮೊದಲ ವಾರ ಸುಮಾರು 95 ಡಿಗ್ರಿ ಶಾಖವಿದ್ದು, ಅನಂತರ ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತ ಬರಬೇಕು. 25 ಅಥವಾ 30 ಮರಿಗಳಿಗೆ 3 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಬಿದಿರಿನ ತಟ್ಟಿಯನ್ನು ದುಂಡಗೆ ಕಟ್ಟಬೇಕು. ಮೂಲೆಗಳಿರಕೂಡದು, ಚಳಿಗೆ ಮರಿಗಳು ಮೂಲೆಯಲ್ಲಿ ಒತ್ತಿ ರಾಶಿಯಾಗಿ, ಕೆಳಗಿನವು ಉಸಿರುಕಟ್ಟಿ ಸಾಯುವುವು. ಒಳಗೆ 2 ಅಂಗುಲ ಭತ್ತದ ಹೊಟ್ಟನ್ನು ಹರಡಿ, ಮೊದಲ ಎರಡು ಮೂರು ದಿವಸ ಮೇಲೆ ಗೋಣಿಯನ್ನು ಹಾಸಬೇಕು. ನುಣುಪಾದ ಕಾಗದ ಹಾಸಿದರೆ ಕಾಲುಗಳು ಜಾರಿ ಸೊಟ್ಟಗಾಗುವುವು. ವಿದ್ಯುತ್ತಿರುವಲ್ಲಿ 60 ವ್ಯಾಟಿನ ಹಳೆಯ ಬಗೆಯ ತಂತಿಯ ಬಲ್ಬನ್ನು ತಗಡಿನ ಮುಚ್ಚಳದ ಕೆಳಗೆ, ನೆಲದಿಂದ ಒಂದು ಒಂದೂವರೆ ಅಡಿ ಮೇಲೆ ಗಟ್ಟಿಯಾಗಿ ತೂಗಹಾಕತಕ್ಕದ್ದು. ಈಗ ಮನೆಮನೆಗೂ ಬಂದಿರುವ ಎಲ್‌ಇಡಿ ದೀಪವು ಬೆಳಕು ಕೊಡುವುದೇ ಹೊರತು ಮರಿಗೆ ಬೇಕಾದ ಶಾಖವನ್ನು ಕೊಡದು. ಉರಿಯುವ ದೀಪದ ಕೆಳಗೇ ಮರಿಗಳು ಚಳಿಯಿಂದ ಸಾಯುವ ಅಪಾಯವುಂಟು.

ವಿದ್ಯುತ್ತಿಲ್ಲದಿದ್ದರೆ ಬಿಸಿನೀರು ತುಂಬಿ ಬಾಯಿ ಬಿಗಿದ ಮಣ್ಣಿನ ಕೂಜೆಯನ್ನು ಗೋಣಿಯಲ್ಲಿ ಸುತ್ತಿ ನಡುವೆ ಇಟ್ಟು, ಮಲಗುವ ಮುಂಚೆಯೂ ನಡುರಾತ್ರಿಯೂ ನೀರನ್ನು ಬದಲಿಸಬೇಕು. ಸುತ್ತಲೂ 4 ಅಂಗುಲ ದಪ್ಪ ಒಣಹುಲ್ಲು ತುಂಬಿ, ಮೇಲೆ ಗಾಳಿಯಾಡುವ ಬಟ್ಟೆ ಮುಚ್ಚಿದ ಪೆಟ್ಟಿಗೆಯಲ್ಲಿ ಮರಿಗಳು ತಮ್ಮ ಮೈಶಾಖವನ್ನೇ ಉಳಿಸಿಕೊಂಡು ರಾತ್ರಿ ಕಳೆಯಬಲ್ಲವು; ಮೊದಲ ವಾರದಲ್ಲಿ ಇದರೊಳಗೂ ಕೂಜೆ ಬೇಕು. ಇದ್ದಿಲ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಇಡುವುದು ಮರಿಗಳಿಗೂ, ಅಲ್ಲಿ ಮಲಗಿದ ಮನುಷ್ಯರಿಗೂ ಪ್ರಾಣಾಪಾಯ. ಉಷ್ಣಮಾಪಕವಿಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಉಷ್ಣಮಾಪಕ. ಶಾಖದ ಕೆಳಗೆ ಗುಂಪಾಗಿ ಕೂಗುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎದುರು ಪಕ್ಕದಿಂದ ಗಾಳಿ ಹೊಡೆಯುತ್ತಿದೆ. ಸಮವಾಗಿ ಹರಡಿ ಕೆದಕುತ್ತಿದ್ದರೆ ಯಜಮಾನಿಯು ನಿಶ್ಚಿಂತೆಯಿಂದ ಮಲಗಬಹುದು.

ಮೊದಲು ಕೊಡಬೇಕಾದುದು ನೀರು. ಕಾಸಿ ಆರಿಸಿದ ನೀರಿಗೆ ಚೂರು ಬೆಲ್ಲ ಬೆರೆಸಿ, ಬೆಣಚುಕಲ್ಲುಗಳನ್ನು ಹಾಕಿದ ತಟ್ಟೆಯಲ್ಲಿಟ್ಟರೆ ಮರಿಗಳು ಮುಳುಗುವುದಿಲ್ಲ. ಮೊದಲ ಎರಡು ದಿವಸ ಅಕ್ಕಿ ನುಚ್ಚು, ರಾಗಿ ಅಥವಾ ಒಡೆದ ಜೋಳ ಸಾಕು. ಅಲ್ಲಿಂದ ಮುಂದೆ ಮಾಂಸ ಬೆಳೆಸುವ ಆಹಾರ ಬೇಕು. ಪೇಟೆಯ ಮರಿ ಆಹಾರವನ್ನು ಕೊಳ್ಳಲಾರದವರು ಧಾನ್ಯದ ನುಚ್ಚಿಗೆ ತೌಡು, ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ ಬೆರೆಸಬಹುದು. ಹಿಂಡಿಯು ಬೂಷ್ಟು ಹಿಡಿದಿರಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಯ ಮರಿಗಳು ಸತ್ತುವು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಹಳ್ಳಿಯಲ್ಲಿ ಪುಕ್ಕಟೆಯಾಗಿ ದೊರೆಯುವ ಉತ್ತಮ ಆಹಾರವೆಂದರೆ ಗೆದ್ದಲು. ಮಡಕೆಯಲ್ಲಿ ಒದ್ದೆ ಹುಲ್ಲು, ಸಗಣಿ ತುಂಬಿ ಗೆದ್ದಲಿರುವ ನೆಲದ ಮೇಲೆ ಸಂಜೆ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ತುಂಬಿರುವುದು.

ಇಷ್ಟೆಲ್ಲ ಮಾಡಿಯೂ ಕೊಕ್ಕರೆ ರೋಗವು ಬಂದರೆ ಒಂದೇ ವಾರದಲ್ಲಿ ಗೂಡು ಬರಿದಾಗುವುದು. ಇದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ಉಪಾಯ. 5ರಿಂದ 7 ದಿವಸಗಳ ಮರಿಗೆ ಕಣ್ಣು ಅಥವಾ ಮೂಗಿಗೆ ಒಂದು ಹನಿ ಲಸೋಟಾ ಅಥವಾ ಎಫ್ ಲಸಿಕೆಯನ್ನು ಹಾಕಬೇಕು. ತೊಡಕು ಎಲ್ಲಿಯೆಂದರೆ, ಲಸಿಕೆಯ ಸೀಸೆಯು ನೂರಾರು ಮರಿಗಳಿಗಾಗುವಷ್ಟಿರುವುದು. ಮಂಜುಗಡ್ಡೆಯಲ್ಲಿಟ್ಟು ತಂದು, ಕಲಸಿದ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಮರಿಗಳ ಮನೆಯವರಿಗೆ ಇದು ದಂಡವೆಂದು ತೋರಿ ಲಸಿಕೆಯೇ ತಪ್ಪಿಹೋಗುವುದು. ಆದಕಾರಣ ಒಂದು ಬೀದಿಯ ಹೆಂಗಸರು ಮಾತನಾಡಿಕೊಂಡು ಒಂದೇ ವಾರದಲ್ಲಿ ಹೇಂಟೆಗಳನ್ನು ಕೂರಿಸಿದರೆ, ಮರಿಗಳು ಒಂದೇ ವಯಸ್ಸಿಗೆ ಬಂದು, ಒಂದು ಸೀಸೆಯಲ್ಲಿ ಎಲ್ಲರ ಮನೆಯೂ ಮುಗಿಯುವುದು. ಸಮೀಪದ ಪಶುವೈದ್ಯ ಆಸ್ಪತ್ರೆಗೆ ದಿನವನ್ನು ಮುಂಚಿತವಾಗಿ ತಿಳಿಸಿರಬೇಕು.

ಹೊಟ್ಟು ಒದ್ದೆಯಾದ ಕಡೆ ತೆಗೆದು ಹೊಸದನ್ನು ಹಾಕುತ್ತಿದ್ದರೆ ರಕ್ತಭೇದಿಯ ಭಯ ಬಹಳ ಕಡಿಮೆ. ಆರು ವಾರಗಳಿಗೆ ರೆಕ್ಕೆಪುಕ್ಕ ತುಂಬಿದ ಮರಿಗಳನ್ನು ಮೊದಮೊದಲು ಮಧ್ಯಾಹ್ನದ ಮೇಲೆ ಒಂದೆರಡು ಗಂಟೆ, ಪೊದೆಯೋ ಚಪ್ಪರವೋ ಇರುವ ಹಿತ್ತಲಿಗೆ ಬಿಡಬಹುದು. ಬಟಾಬಯಲಿನಲ್ಲಿ ಹದ್ದಿಗೆ ಮರೆಯಿರದು. ಎಂಟನೆಯ ವಾರ ಆರ್‌2ಬಿ ಲಸಿಕೆಯನ್ನು ರೆಕ್ಕೆಯ ಕೆಳಗೆ ಚರ್ಮದಡಿ ಚುಚ್ಚಿಸತಕ್ಕದ್ದು. ಅಷ್ಟರಲ್ಲಿ ತಾಯಿ ಹೇಂಟೆಯು ಮುಂದಿನ ಸರದಿಯ ಮೊಟ್ಟೆಗಳನ್ನಿಡತೊಡಗಿರುವುದು. ಆ ಸರದಿಯಲ್ಲಿ ಅದನ್ನು ಮತ್ತೆ ಕಾವಿಗೆ ಕೂರಿಸದೆ, ಮೊಟ್ಟೆಗಳನ್ನು ಮನೆಗೂ ಮಾರಾಟಕ್ಕೂ ಬಳಸಿಕೊಳ್ಳುವುದು ಒಳ್ಳೆಯದು.