ರಾಜಕೀಯ ಬರೆಯುವವನಿಗೂ ಬಿಡುವು ಬೇಡವೇ?

ರಾಜಕೀಯದ ಬಗ್ಗೆ ಖಾರವಾಗಿ ಬರೆಯುವವರು ನಾಲ್ಕು ವಾರ ಬೇರೆ ವಿಷಯ ಬರೆದರೆ ಸಾಕು, ನಮ್ಮ ಜನರ ಬಾಯಿಗೆ ಬೀಗ ಇರುವುದಿಲ್ಲ. "ಏನಾಯ್ತು, ಹೆದರಿಬಿಟ್ಟನಾ?" ಅಂತ ಒಬ್ಬರು, "ಯಾರೋ ಕೈ ಬಿಸಿ ಮಾಡಿರಬೇಕು" ಅಂತ ಇನ್ನೊಬ್ಬರು. ಆ ಮನುಷ್ಯನಿಗೆ ಹೂವಿನ ಮೇಲೆ, ಅಡುಗೆಯ ಮೇಲೆ, ಹಳೇ ಲೆಕ್ಕದ ಪುಸ್ತಕದ ಮೇಲೆ ಆಸೆ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ಡಿ.ವಿ. ಗುಂಡಪ್ಪನವರ ಹೆಸರು ಹೇಳಿದರೆ ಇವತ್ತು ಎಲ್ಲರಿಗೂ ನೆನಪಾಗುವುದು 'ಮಂಕುತಿಮ್ಮನ ಕಗ್ಗ'. ಆದರೆ 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಹೊಟ್ಟೆಪಾಡಿಗೆ ಹಿಡಿದ ಕೆಲಸ ಪತ್ರಿಕೆಯದು, ಅದರಲ್ಲೂ ರಾಜಕೀಯದ್ದು. 1908ರಲ್ಲಿ ಮೈಸೂರು ಸಂಸ್ಥಾನ ಪತ್ರಿಕೆಗಳಿಗೆ ಮೂಗುದಾರ ಹಾಕುವ ಕಾಯಿದೆ ತಂದಾಗ ಅವರಿಗೆ ಇಪ್ಪತ್ತರ ಆಸುಪಾಸು. ಆಮೇಲೆ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು, ಮೈಸೂರು ಶಾಸನ ಸಭೆಯಲ್ಲಿ ಕೂತರು, ದಿವಾನರ ಆಡಳಿತದ ತಪ್ಪು ಒಪ್ಪುಗಳನ್ನು ತೂಗಿ ಬರೆದರು. ಇಂಥ ಮನುಷ್ಯ ಒಂದು ದಿನ ಕೂತು ಉಮರ್ ಖಯ್ಯಾಮನನ್ನು ಕನ್ನಡಕ್ಕೆ ತಂದರು! ಪುಸ್ತಕದ ಹೆಸರು 'ಉಮರನ ಒಸಗೆ'. ಒಸಗೆ ಅಂದರೆ ಶುಭವಾರ್ತೆ, ಸಂಭ್ರಮ. ಪಾರ್ಸಿಯಿಂದ ನೇರವಾಗಿ ಅಲ್ಲ, ಫಿಟ್ಜ್‌ಜೆರಾಲ್ಡ್ ಎಂಬ ಇಂಗ್ಲಿಷಿನವನು 1859ರಲ್ಲಿ ಮಾಡಿದ ಅನುವಾದದ ದಾರಿಯಲ್ಲಿ.

ನಮಗೆ ಇದರಲ್ಲಿ ಇನ್ನೊಂದು ರುಚಿ ಇದೆ. ಆ ಖಯ್ಯಾಮನೂ ಇದೇ ಜಾತಿಯವನು. 1048ರಲ್ಲಿ ನೈಶಾಪುರದಲ್ಲಿ ಹುಟ್ಟಿದ ಅವನ ನಿಜವಾದ ಉದ್ಯೋಗ ಲೆಕ್ಕ ಮತ್ತು ನಕ್ಷತ್ರ. ಇವತ್ತು ಶಾಲೆಯಲ್ಲಿ ಬೀಜಗಣಿತ ಅಂತ ಮಕ್ಕಳು ತಲೆ ಕೆರೆದುಕೊಳ್ಳುತ್ತಾರಲ್ಲ, ಅದರಲ್ಲಿ ಘನ ಸಮೀಕರಣ ಬಿಡಿಸುವ ಬಗೆಯ ಮೇಲೆ ದೊಡ್ಡ ಗ್ರಂಥ ಬರೆದವನು. ಸೆಲ್ಜುಕ್ ಸುಲ್ತಾನ ಮಲಿಕ್ ಶಾಹನಿಗಾಗಿ 1079ರ ಜಲಾಲಿ ಪಂಚಾಂಗ ಮಾಡಿದವರ ತಂಡದಲ್ಲಿದ್ದವನು. ನಾಲ್ಕು ಸಾಲಿನ ರುಬಾಯಿಗಳು ಬಿಡುವಿನ ಸಮಯದವು. ಅವನ ಹೆಸರಿಗೆ ಅಂಟಿದ ರುಬಾಯಿಗಳಲ್ಲಿ ಎಷ್ಟೋ ಅವನವು ಅಲ್ಲವೇ ಅಲ್ಲ ಅಂತ ವಿದ್ವಾಂಸರು ಹೇಳುತ್ತಾರೆ. ಅವುಗಳಲ್ಲಿ ಬರುವ ಮದ್ಯದ ಮಾತು ನಮಗೆ ಒಪ್ಪಿಗೆಯಲ್ಲ, ಅದು ಬೇರೆ ವಿಚಾರ. ಆದರೆ ಲೆಕ್ಕದವನ ಬಿಡುವಿನ ಪದ್ಯ, ಎಂಟುನೂರು ಚಿಲ್ಲರೆ ವರ್ಷ ದಾಟಿ, ರಾಜಕೀಯದವನ ಬಿಡುವಿನಲ್ಲಿ ಕನ್ನಡವಾಯಿತು.

ಹಾಗಂತ ಡಿ.ವಿ.ಜಿ. ರಾಜಕೀಯ ಬಿಟ್ಟರಾ? ಎಲ್ಲಿ ಬಿಟ್ಟರು! 1943ರಲ್ಲಿ ಕಗ್ಗ ಬಂತು, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸಾರ್ವಜನಿಕ ವ್ಯವಹಾರ ಜನರಿಗೆ ಅರ್ಥವಾಗಬೇಕು ಎನ್ನುವುದೇ ಅದರ ಕೆಲಸ. 1970ರಲ್ಲಿ ಊರವರು ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ಕೊಟ್ಟಾಗ ಅದನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಆ ಕಾಲದ ಲಕ್ಷ, ನೆನಪಿರಲಿ.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಲಂಕೇಶ್ ಪತ್ರಿಕೆ ಇದೆ. 1980ರಲ್ಲಿ ಶುರುವಾದ ಆ ವಾರಪತ್ರಿಕೆಗೆ ಮಂತ್ರಿಗಳು ನಡುಗುತ್ತಿದ್ದರು. ಅದರದೇ ಮೂಲೆಯಲ್ಲಿ 'ನೀಲು' ಎಂಬ ಹೆಸರಿನಲ್ಲಿ ಲಂಕೇಶರು ಎರಡು ಮೂರು ಸಾಲಿನ ಪದ್ಯ ಬರೆಯುತ್ತಿದ್ದರು. ಚಂದ್ರಗಿರಿ ಹೊಳೆಯ ಕಡೆಯ ನಮ್ಮ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಧಾರಾವಾಹಿಯಾಗಿ ಬಂದದ್ದೂ ಅದರಲ್ಲೇ. ಹಾಸನದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ಸುಮಾರು ಹತ್ತು ವರ್ಷ ವರದಿ ಬರೆದರು, ನಗರಸಭೆಯಲ್ಲಿ ಕೂತರು, ಕೋರ್ಟಿನಲ್ಲಿ ವಾದ ಮಾಡಿದರು. ಇದರ ನಡುವೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ವರದಿಗಳು ಆ ವಾರಕ್ಕೆ ಬೇಕಾಗಿದ್ದವು. ಮನೆಯೊಳಗಿನ ಹೆಂಗಸರ ಸಂಕಟ ಮಾತ್ರ ಕಥೆಯಲ್ಲೇ ಬರಬೇಕಿತ್ತು. ಅದು ವರದಿಯಲ್ಲಿ ಹಿಡಿಯುವಂಥದ್ದಲ್ಲ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇವೆ ಅಂದರೆ, ನಾವು ಮಕ್ಕಳಿಗೆ ಓದಿಸುವುದು ಹರಿಹರ ತಾಲ್ಲೂಕಿನ ನಂದಿಗುಡಿ ಕಡೆ. ಕರಾವಳಿಯಿಂದ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತ ಬ್ಯಾರಿ ಮನೆಯ ಹುಡುಗನೊಬ್ಬ ಎರಡು ಚುನಾವಣೆಯಿಂದ ರಾಜಕೀಯ ಬರೆಯುತ್ತಿದ್ದ. ಚೆನ್ನಾಗಿಯೇ ಬರೆಯುತ್ತಿದ್ದ. ಬೈಗುಳ ಬರುತ್ತಿತ್ತು, ಅದಕ್ಕೆ ಉತ್ತರ, ಉತ್ತರಕ್ಕೆ ಮತ್ತೆ ಬೈಗುಳ. ರಾತ್ರಿ ನಿದ್ದೆ ಇಲ್ಲ, ಅಂಗಡಿಯ ಲೆಕ್ಕ ತಪ್ಪುತ್ತಿತ್ತು, ತಾಯಿಗೆ ಆತಂಕ. ಕೊನೆಗೆ ನಿಲ್ಲಿಸಿದ. ನಮ್ಮವರೇ ಕೆಲವರು ಅವನನ್ನು ಹೇಡಿ ಅಂದರು. ಸಮುದಾಯಕ್ಕೆ ಕಷ್ಟ ಬಂದ ಹೊತ್ತಿನಲ್ಲಿ ಮಾತಾಡುವ ನಾಲಿಗೆ ಸುಮ್ಮನಾದರೆ ಹೇಗೆ ಎಂಬ ಅವರ ಕೇಳುವಿಕೆಯಲ್ಲೂ ನ್ಯಾಯ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬನೇ ಹುಡುಗನ ತಲೆಯ ಮೇಲೆ ಇಡೀ ಜಮಾತಿನ ಹೊರೆ ಹೊರಿಸಿ, ಅವನು ಇಳಿಸಿದಾಗ ಬೈಯುವುದು ಯಾವ ನ್ಯಾಯ? ಉಳಿದವರು ಪೆನ್ನು ಹಿಡಿಯಬಹುದಲ್ಲ.

"ಉಸ್ತಾದ್, ನಾನು ಬಿಟ್ಟಿಲ್ಲ, ಸ್ವಲ್ಪ ದಿನ ಬೇರೆ ಬರೀತೇನೆ" ಅಂತ ಅವನೇ ಬಂದು ಹೇಳಿದ. ಬೇರೆ ಅಂದರೆ ಏನಪ್ಪಾ ಅಂತ ಕೇಳಿದೆವು. ಒಂದು, ಭದ್ರಾ ನಾಲೆಯ ನೀರು. ನಾಲೆಯ ಕೊನೆಯ ಗದ್ದೆಗೆ ನೀರು ಯಾವಾಗ ಮುಟ್ಟುತ್ತದೆ, ರಾತ್ರಿ ಕಾವಲು ಯಾರು ಕೂರುತ್ತಾರೆ, ಇದನ್ನೆಲ್ಲ ರೈತರ ಹತ್ತಿರ ಕೂತು ಕೇಳಿ ಬರೆದುಕೊಳ್ಳುತ್ತಿದ್ದಾನೆ. (ಇದೂ ರಾಜಕೀಯವೇ ಅಂತ ಅವನಿಗಿನ್ನೂ ಗೊತ್ತಾದ ಹಾಗಿಲ್ಲ.) ಇನ್ನೊಂದು, ಅವನ ಅಜ್ಜಿಯ ಬ್ಯಾರಿ ಮಾತು. ಇಲ್ಲೇ ಹುಟ್ಟಿದ ಮಕ್ಕಳು ಮನೆಯಲ್ಲೂ ಕನ್ನಡ, ಉರ್ದು ಬೆರೆಸಿ ಆಡುವುದರಿಂದ ಅಜ್ಜಿಯ ಎಷ್ಟೋ ಶಬ್ದ ಅವಕ್ಕೆ ತಿಳಿಯುವುದಿಲ್ಲ. ಪತ್ತಿರ್ ತಟ್ಟುವಾಗ, ಮೀನು ಕೊಯ್ಯುವಾಗ ಅಜ್ಜಿ ಆಡುವ ಮಾತನ್ನು ಅವನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಡುತ್ತಿದ್ದಾನೆ. ಹೋದ ವಾರ ನೋಡಿದಾಗ ನೂರರ ಮೇಲೆ ಶಬ್ದಗಳಾಗಿದ್ದವು. ಅಜ್ಜಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಅವನು ಜೋರಾಗಿ ಕೇಳುತ್ತಾನೆ, ಅಜ್ಜಿ ಅದಕ್ಕಿಂತ ಜೋರಾಗಿ ಹೇಳುತ್ತಾರೆ, ಪಕ್ಕದ ಮನೆಯವರು ಜಗಳ ಅಂದುಕೊಳ್ಳುತ್ತಾರೆ.